ಕ್ವಿಲ್ಟಿಗೆ ಚರಿತ್ರೆ ಬರೆದ ಮರೀ ವೆಬ್‌ಸ್ಟರ್

50 ದಾಟಿದ ಮೇಲೆ ಹೊಸದೇನು ಮಾಡೋದು ಅನ್ನುವವರಿಗೆ ನಾನು ಮರೀ ವೆಬ್‌ಸ್ಟರ್ ಅವರ ಕಥೆ ಹೇಳುತ್ತೇನೆ.

ಹುಟ್ಟಿದ್ದು 1859ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಮದುವೆಯಾಗಿ ಮೇರಿಯನ್ ಊರಿನಲ್ಲಿ ಸಂಸಾರ. ಸೂಜಿ-ದಾರ ಮೊದಲಿಂದಲೂ ಕೈಗೆ ಹತ್ತಿತ್ತು. ಸ್ವಂತ ವಿನ್ಯಾಸದ ಕ್ವಿಲ್ಟ್ ಹೊಲಿದದ್ದು ಮಾತ್ರ 50ರ ಹೊತ್ತಿಗೆ. ಕ್ವಿಲ್ಟ್ ಅಂದರೆ ನಮ್ಮ ಕೌದಿಯ ಬಳಗವೇ: ಎರಡು ಬಟ್ಟೆ, ನಡುವೆ ಹತ್ತಿ, ಮೇಲೆ ಸಣ್ಣ ಹೊಲಿಗೆ. ಇವರು ಗುಲಾಬಿ, ಐರಿಸ್, ಟ್ಯೂಲಿಪ್ ಹೂಗಳನ್ನು ತಿಳಿಬಣ್ಣದ ಬಟ್ಟೆಯಲ್ಲಿ ಕತ್ತರಿಸಿ ಕೂರಿಸಿದರು. 1911ರ ಜನವರಿಯಲ್ಲಿ 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆ ನಾಲ್ಕು ಕ್ವಿಲ್ಟುಗಳನ್ನು ಬಣ್ಣದಲ್ಲೇ ಅಚ್ಚು ಹಾಕಿತು. ನಮೂನೆ ಕಳಿಸಿ ಅಂತ ಓದುಗರ ಕಾಗದಗಳು ಬಂದವು. ಮನೆಯಿಂದಲೇ ಅಂಚೆ ವ್ಯಾಪಾರ ಶುರುವಾಯ್ತು. ನಮೂನೆಗೆ 50 ಸೆಂಟು.

1915ರಲ್ಲಿ ಇವರ ಪುಸ್ತಕ ಬಂತು. ಅಮೆರಿಕದಲ್ಲಿ ಪೂರಾ ಕ್ವಿಲ್ಟಿಗೇ ಮೀಸಲಾದ ಮೊದಲ ಪುಸ್ತಕವದು. ಪ್ರಾಚೀನ ಈಜಿಪ್ಟಿನಿಂದ ಹಿಡಿದು ತಮ್ಮ ಕಾಲದವರೆಗಿನ ಕಥೆ, ಹೊಲಿಯುವ ಬಗೆ, ಜೊತೆಗೆ ಹೆಂಗಸರು ಇಟ್ಟುಕೊಂಡಿದ್ದ ಕ್ವಿಲ್ಟುಗಳ ಹೆಸರಿನ ಪಟ್ಟಿ ಅದರಲ್ಲಿದೆ.

1921ರಲ್ಲಿ ಇಬ್ಬರು ಗೆಳತಿಯರ ಜೊತೆ ಕಂಪನಿ ಕಟ್ಟಿದರು. ಹೊಲಿಯಬಲ್ಲವರಿಗೆ ನಮೂನೆ, ಅವಸರದವರಿಗೆ ಕತ್ತರಿಸಿದ ಬಟ್ಟೆ, ಪುರುಸೊತ್ತಿಲ್ಲದವರಿಗೆ ಸಿದ್ಧ ಕ್ವಿಲ್ಟ್! ಒಂದೇ ಸರಕಿಗೆ ಮೂರು ಗಿರಾಕಿ. ಬಿ.ಕಾಂ. ಓದುವ ನನಗೆ ಈ ಲೆಕ್ಕ ಬಹಳ ಹಿಡಿಸಿತು.

1956ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು. ಮೇರಿಯನ್ನಿನ ಅವರ ಮನೆ ಈಗ ಕ್ವಿಲ್ಟಿನ ಸಂಗ್ರಹಾಲಯ.

ಕ್ವಿಲ್ಟ್ ಹಾಸಿಗೆ ಮೇಲೆ ಸವೆದು ಹೋಗ್ತದೆ. ಬರೆದಿಟ್ಟ ಹೆಸರು ಉಳಿಯುತ್ತೆ. ನಮ್ಮ ಕೌದಿ ಹೊಲಿಗೆಗಳಿಗೂ ಹೆಸರುಗಳಿರಬೇಕಲ್ಲ? ಗೆಳೆಯರೇ, ರಜೆಗೆ ಊರಿಗೆ ಹೋದವರು ಅಜ್ಜಿಯರನ್ನು ಕೇಳಿ ಬರೆದು ತನ್ನಿ.