ಕಪ್ಪು ಚೌಕದ ಕಲಾವಿದ ಮಲೆವಿಚ್

ಬಿಳಿ ಹಿನ್ನೆಲೆಯ ಮೇಲೆ ಒಂದು ಕಪ್ಪು ಚೌಕ. ಮರವಿಲ್ಲ, ಮನೆಯಿಲ್ಲ, ಮನುಷ್ಯನ ಮುಖವೂ ಇಲ್ಲ. ಸುಮಾರು 80 ಸೆಂಟಿಮೀಟರ್ ಉದ್ದಗಲದ ಈ ಚಿತ್ರ ಆಧುನಿಕ ಕಲೆಯ ದಿಕ್ಕನ್ನೇ ಬದಲಿಸಿತು. ಇದರ ಕರ್ತೃ ಕಾಜಿಮಿರ್ ಮಲೆವಿಚ್.

1879ರಲ್ಲಿ ಕೀವ್ ಬಳಿಯ ಪೋಲಿಷ್ ಕುಟುಂಬದಲ್ಲಿ ಜನಿಸಿದ ಅವರು, ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ತಂದೆಯೊಂದಿಗೆ ಉಕ್ರೇನಿನ ಹಳ್ಳಿಗಳಲ್ಲಿ ಬೆಳೆದರು. ರೈತರು ತಮ್ಮ ಮನೆಗಳಿಗೆ ಮಾಡುತ್ತಿದ್ದ ಅಲಂಕಾರವೇ ಅವರಿಗೆ ಕಲೆಯ ಮೊದಲ ಪಾಠ.

1915ರ ಡಿಸೆಂಬರ್‌ನಲ್ಲಿ ಪೆಟ್ರೊಗ್ರಾಡ್‌ನ ಪ್ರದರ್ಶನವೊಂದರಲ್ಲಿ ಕಪ್ಪು ಚೌಕ ಮೊದಲು ಕಾಣಿಸಿಕೊಂಡಿತು. ರಷ್ಯನ್ ಮನೆಗಳಲ್ಲಿ ದೇವರ ಪಟಕ್ಕೆ ಮೀಸಲಾದ ಮೇಲ್ಮೂಲೆಯಲ್ಲೇ ಮಲೆವಿಚ್ ಅದನ್ನು ತೂಗುಹಾಕಿದ್ದರು. ವಿಮರ್ಶಕರು ಕೆರಳಿದರು. ವಸ್ತುವಿನ ಹಂಗಿಲ್ಲದೆ ಶುದ್ಧ ಅನುಭವವನ್ನಷ್ಟೇ ಅರಸುವ ಈ ಮಾರ್ಗಕ್ಕೆ ಅವರು ಸುಪ್ರಮ್ಯಾಟಿಸಂ ಎಂದು ಹೆಸರಿಟ್ಟರು. 1918ರಲ್ಲಿ ಬಿಳಿಯ ಮೇಲೆ ಬಿಳಿ ಚೌಕವನ್ನೇ ಬರೆದರು.

ಸ್ಟಾಲಿನ್ ಆಡಳಿತಕ್ಕೆ ಇಂಥ ಕಲೆ ಬೇಡವಾಯಿತು. 1927ರಲ್ಲಿ ಬರ್ಲಿನ್‌ಗೆ ಒಯ್ದಿದ್ದ ಅನೇಕ ಕೃತಿಗಳನ್ನು ಮಲೆವಿಚ್ ಅಲ್ಲಿಯೇ ಬಿಟ್ಟು ಮರಳಿದರು. 1930ರಲ್ಲಿ ಬಂಧನ, ವಿಚಾರಣೆ ಎದುರಿಸಿದರು. ಕೊನೆಗಾಲದಲ್ಲಿ ಮತ್ತೆ ಮಾನವಾಕೃತಿಗಳನ್ನು ಬರೆದರೂ, 1933ರ ಸ್ವಭಾವಚಿತ್ರದಲ್ಲಿ ಸಹಿಯ ಬದಲು ಪುಟ್ಟ ಕಪ್ಪು ಚೌಕವನ್ನಿಟ್ಟರು.

1935ರಲ್ಲಿ ಕ್ಯಾನ್ಸರ್‌ನಿಂದ ಲೆನಿನ್‌ಗ್ರಾಡ್‌ನಲ್ಲಿ ನಿಧನರಾದಾಗ, ಶವಯಾತ್ರೆಯ ವಾಹನದ ಮೇಲೂ ಕಪ್ಪು ಚೌಕವಿತ್ತು. ನೆಮ್ಚಿನೋವ್ಕಾದಲ್ಲಿದ್ದ ಅವರ ಸಮಾಧಿಯ ಗುರುತು ಯುದ್ಧಕಾಲದಲ್ಲಿ ಅಳಿಸಿಹೋಯಿತು. ದಶಕಗಳ ಕಾಲ ಜನರ ಕಣ್ಣಿಗೆ ಬೀಳದಿದ್ದ ಚಿತ್ರ ಮಾತ್ರ ಉಳಿಯಿತು. 2015ರಲ್ಲಿ ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಯ ತಜ್ಞರು ಎಕ್ಸ್-ರೇ ಪರೀಕ್ಷೆ ನಡೆಸಿದಾಗ, ಬಿರುಕು ಬಿಟ್ಟ ಆ ಕಪ್ಪಿನಡಿ ಬಣ್ಣಬಣ್ಣದ ಎರಡು ಹಳೆಯ ರಚನೆಗಳು ಪತ್ತೆಯಾದವು.