ಜಾನ್ ಸಲ್ಲಿವನ್

ಜಾನ್ ಸಲ್ಲಿವನ್ (ಜೂನ್ 15, 1788 – ಜನವರಿ 16, 1855) ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಾಧಿಕಾರಿಯಾಗಿದ್ದರು. ಕೊಯಮತ್ತೂರು ಜಿಲ್ಲೆಯ ಕಲೆಕ್ಟರ್ ಆಗಿದ್ದ ಅವಧಿಯಲ್ಲಿ ನೀಲಗಿರಿ ಬೆಟ್ಟಗಳ ಮೇಲೆ ಉದಕಮಂಡಲ (ಊಟಿ) ಪಟ್ಟಣಕ್ಕೆ ಅಡಿಪಾಯ ಹಾಕಿದವರೆಂದು ಪ್ರಸಿದ್ಧರಾಗಿದ್ದಾರೆ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಈ ಪಟ್ಟಣವು ಮುಂದೆ ಮದ್ರಾಸ್ ಪ್ರಾಂತ್ಯದ ಬೇಸಿಗೆ ರಾಜಧಾನಿಯಾಯಿತು. ಬೆಟ್ಟದ ಭೂಮಿಯ ಮೇಲೆ ತೋಡ ಜನರಿಗೆ ಪೂರ್ಣ ಒಡೆತನವಿದೆ ಎಂದು ಅವರು ಸರ್ಕಾರದ ಎದುರು ವಾದಿಸಿದರು. ಆದರೆ ಅದೇ ಭೂಮಿಯನ್ನು ಯುರೋಪಿಯನ್ನರ ವಸತಿಗೆ ತೆರೆದವರಲ್ಲಿಯೂ ಅವರೇ ಮೊದಲಿಗರು.

ಆರಂಭಿಕ ಜೀವನ

ಸಲ್ಲಿವನ್ ಲಂಡನ್ನಿನಲ್ಲಿ ಜನಿಸಿದರು. 1804ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಕಂಪನಿಯ ಮದ್ರಾಸ್ ಸೇವೆಗೆ ಗುಮಾಸ್ತರ ದರ್ಜೆಯಲ್ಲಿ ಸೇರಿದರು. ಕೆಲವು ವರ್ಷ ವಿವಿಧ ಹುದ್ದೆಗಳಲ್ಲಿ ದುಡಿದ ಬಳಿಕ 1815ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಆದರು. ಈ ಜಿಲ್ಲೆಯು 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ರಾಜ್ಯದಿಂದ ಕಂಪನಿಯ ಕೈಸೇರಿದ ಪ್ರದೇಶಗಳಲ್ಲಿ ಒಂದಾಗಿತ್ತು. ನೀಲಗಿರಿಯೂ ಅದರ ಜೊತೆಯಲ್ಲೇ ಬಂದಿತ್ತು. ಆದರೂ ಮುಂದಿನ ಎರಡು ದಶಕಗಳ ಕಾಲ ಬೆಟ್ಟದ ಮೇಲ್ಭಾಗವು ಅಧಿಕಾರಿಗಳಿಗೆ ಬಹುಮಟ್ಟಿಗೆ ಅಪರಿಚಿತವಾಗಿಯೇ ಉಳಿದಿತ್ತು.

ನೀಲಗಿರಿಯ ಜನಜೀವನ

ಸಲ್ಲಿವನ್ ಬರುವುದಕ್ಕೆ ಬಹಳ ಹಿಂದಿನಿಂದಲೂ ನೀಲಗಿರಿಯಲ್ಲಿ ಜನವಸತಿಯಿತ್ತು. ತೋಡರು ಎಮ್ಮೆಗಳನ್ನು ಸಾಕಿಕೊಂಡು ಎತ್ತರದ ಹುಲ್ಲುಗಾವಲುಗಳಲ್ಲಿ 'ಮಂದು' ಎಂಬ ಸಣ್ಣ ನೆಲೆಗಳಲ್ಲಿ ವಾಸಿಸುತ್ತಿದ್ದರು. ಕೋತರು ಕಮ್ಮಾರಿಕೆ, ಕುಂಬಾರಿಕೆ ಮೊದಲಾದ ಕಸುಬುಗಳನ್ನು ನಡೆಸುತ್ತಿದ್ದರು. ಕುರುಂಬರು ಮತ್ತು ಇರುಳರು ಇಳಿಜಾರಿನ ಕಾಡುಗಳಲ್ಲಿದ್ದರು. ಬಡಗರು ಬೇಸಾಯಗಾರರು. ಬಡಗು ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿ ಬಂದವರೆಂಬುದು ಅವರ ಪರಂಪರೆಯ ನಂಬಿಕೆ. ಅವರ ನುಡಿಯು ಕನ್ನಡಕ್ಕೆ ಬಹಳ ಹತ್ತಿರವಾದದ್ದು. ನೀಲಗಿರಿಯ ಅತ್ಯುನ್ನತ ಶಿಖರವಾದ 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಹೆಸರಿನಲ್ಲಿಯೂ ಈ ನಂಟು ಕಾಣುತ್ತದೆ. ಬಡಗರು ತಮ್ಮ ಬೆಳೆಯ ಒಂದು ಪಾಲನ್ನು ತೋಡರಿಗೆ ಕೊಡುವ ರೂಢಿಯಿತ್ತು. ಮುಂದೆ ಭೂಮಿಯ ಒಡೆತನದ ಚರ್ಚೆಯಲ್ಲಿ ಈ ರೂಢಿಯ ಅರ್ಥವೇನೆಂಬುದು ಮುಖ್ಯ ಪ್ರಶ್ನೆಯಾಯಿತು.

ಬೆಟ್ಟದ ಪ್ರವೇಶ

1812ರಲ್ಲಿ ವಿಲಿಯಂ ಕೀಸ್ ಎಂಬ ಭೂಮಾಪಕರು ಬೆಟ್ಟದ ಒಂದು ಭಾಗವನ್ನು ಸಮೀಕ್ಷೆ ಮಾಡಿದ್ದರು. 1818ರಲ್ಲಿ ಸಲ್ಲಿವನ್ನರ ಸಹಾಯಕರಾಗಿದ್ದ ವಿಶ್ ಮತ್ತು ಕಿಂಡರ್ಸ್ಲಿ ಬೆಟ್ಟವನ್ನು ಹತ್ತಿ ಬಂದು, ಅಲ್ಲಿನ ತಂಪು ಹವೆಯ ಬಗ್ಗೆ ವರದಿ ಮಾಡಿದರು. ಇದರಿಂದ ಕುತೂಹಲಗೊಂಡ ಸಲ್ಲಿವನ್ 1819ರ ಜನವರಿಯಲ್ಲಿ ಸ್ವತಃ ಬೆಟ್ಟ ಹತ್ತಿದರು. ಅದೇ ವರ್ಷ ಫ್ರೆಂಚ್ ನಿಸರ್ಗಶಾಸ್ತ್ರಜ್ಞ ಲೆಶನೋ ದ ಲಾ ತೂರ್ ಸಹ ನೀಲಗಿರಿಗೆ ಬಂದರು. ಬೆಟ್ಟದ ಹವೆಯಿಂದ ಲೆಶನೋ ಅವರ ಕೆಟ್ಟಿದ್ದ ಆರೋಗ್ಯವು ಸುಧಾರಿಸಿತು. ಬಯಲುಸೀಮೆಯ ಜ್ವರಗಳಿಂದ ಕಂಗೆಟ್ಟಿದ್ದ ಕಂಪನಿಯ ನೌಕರರಿಗೆ ಈ ಬೆಟ್ಟವು ಆರೋಗ್ಯಧಾಮವಾಗಬಲ್ಲದು ಎಂಬ ನಂಬಿಕೆ ಸಲ್ಲಿವನ್ನರಲ್ಲಿ ಬಲವಾಯಿತು.

ಕೋಟಗಿರಿಯ ಸಮೀಪದ ದಿಂಬಟ್ಟಿಯಲ್ಲಿ ಯುರೋಪಿಯನ್ನರ ಮೊದಲ ನೆಲೆ ರೂಪುಗೊಂಡಿತು. ತಪ್ಪಲಿನ ಸಿರುಮುಗೈಯಿಂದ ಅಲ್ಲಿಗೆ ದಾರಿ ನಿರ್ಮಿಸಲಾಯಿತು. ಈ ಕೆಲಸಕ್ಕೆ ಸೆರೆವಾಸಿಗಳನ್ನು ಬಳಸಿಕೊಳ್ಳಲಾಗಿತ್ತು. ಕೋಟಗಿರಿ ಬಳಿಯ ಕನ್ನೇರಿಮುಕ್ಕುವಿನಲ್ಲಿ ಸಲ್ಲಿವನ್ ಕಟ್ಟಿಸಿದ ಮನೆಯನ್ನು ಇತ್ತೀಚಿನ ದಶಕಗಳಲ್ಲಿ ಜೀರ್ಣೋದ್ಧಾರ ಮಾಡಿ ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ.

ಉದಕಮಂಡಲದ ಸ್ಥಾಪನೆ

ದಿಂಬಟ್ಟಿಗಿಂತ ಎತ್ತರದಲ್ಲಿದ್ದ, ತೋಡರ ಮಂದುಗಳಿದ್ದ ಕಣಿವೆಯೊಂದು ಸಲ್ಲಿವನ್ನರನ್ನು ಆಕರ್ಷಿಸಿತು. 1822ರಲ್ಲಿ ಅವರು ಅಲ್ಲಿ ಕಲ್ಲಿನ ಮನೆಯೊಂದನ್ನು ಕಟ್ಟಿಸಲು ಆರಂಭಿಸಿದರು. ಇದಕ್ಕೆ ಬೇಕಾದ ಭೂಮಿಯನ್ನು ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಕೊಂಡರೆಂದು ಹೇಳಲಾಗುತ್ತದೆ. 'ಸ್ಟೋನ್ ಹೌಸ್' ಎಂದು ಹೆಸರಾದ ಈ ಕಟ್ಟಡವನ್ನು ಸ್ಥಳೀಯರು ಕಲ್ಲು ಬಂಗಲೆ ಎಂದು ಕರೆದರು. ಉದಕಮಂಡಲದ ಮೊದಲ ಯುರೋಪಿಯನ್ ಕಟ್ಟಡವಾದ ಇದು ಇಂದು ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ.

ಕಣಿವೆಯ ತೊರೆಗಳಿಗೆ ಒಡ್ಡು ಹಾಕಿಸಿ 1823 ಮತ್ತು 1825ರ ನಡುವೆ ಸಲ್ಲಿವನ್ ಕೆರೆಯೊಂದನ್ನು ನಿರ್ಮಿಸಿದರು. ಬೇಸಿಗೆಯಲ್ಲಿ ಇದರ ನೀರನ್ನು ಬಯಲಿನ ಕೃಷಿಗೆ ಒದಗಿಸುವ ಆಲೋಚನೆಯೂ ಅವರಿಗಿತ್ತು. ಊಟಿ ಕೆರೆಯು ಇಂದು ಮೂಲ ವಿಸ್ತಾರಕ್ಕಿಂತ ಬಹಳ ಕುಗ್ಗಿದೆ. ಪಟ್ಟಣದ ಬಸ್ ನಿಲ್ದಾಣ ಮತ್ತು ಕುದುರೆ ಪಂದ್ಯದ ಮೈದಾನವಿರುವ ನೆಲವು ಒಂದು ಕಾಲದಲ್ಲಿ ಕೆರೆಯ ಭಾಗವಾಗಿತ್ತು.

ಆಲೂಗಡ್ಡೆ, ಎಲೆಕೋಸು, ಬಾರ್ಲಿ ಮೊದಲಾದ ಬೆಳೆಗಳನ್ನೂ ಹಣ್ಣಿನ ಮರಗಳನ್ನೂ ಸಲ್ಲಿವನ್ ಬೆಟ್ಟದ ಮಣ್ಣಿನಲ್ಲಿ ಪ್ರಯೋಗಾರ್ಥವಾಗಿ ಬೆಳೆಸಿದರು. ಆಲೂಗಡ್ಡೆ ಮತ್ತು ಎಲೆಕೋಸಿನಂತಹ ತರಕಾರಿಗಳು ಕಾಲಕ್ರಮೇಣ ಬಡಗ ರೈತರ ಮುಖ್ಯ ಬೆಳೆಗಳಾದವು. 1848ರಲ್ಲಿ ಆರಂಭವಾದ ಸಸ್ಯೋದ್ಯಾನವನ್ನು ರೂಪಿಸಿದವರು ವಿಲಿಯಂ ಮೆಕ್‌ಐವರ್. ಆ ವೇಳೆಗೆ ಸಲ್ಲಿವನ್ ಭಾರತವನ್ನು ಬಿಟ್ಟಾಗಿತ್ತು.

ಭೂ ಒಡೆತನದ ವಿವಾದ

ಮದ್ರಾಸ್ ಗವರ್ನರ್ ಸರ್ ಥಾಮಸ್ ಮನ್ರೋ 1826ರಲ್ಲಿ ಉದಕಮಂಡಲಕ್ಕೆ ಭೇಟಿಯಿತ್ತು ಸಲ್ಲಿವನ್ನರ ಅತಿಥಿಯಾಗಿ ತಂಗಿದ್ದರು. ಮರುವರ್ಷ ಮನ್ರೋ ನಿಧನರಾದರು. ಬಳಿಕ ಗವರ್ನರ್ ಆದ ಸ್ಟೀಫನ್ ಲಷಿಂಗ್ಟನ್ ಊಟಿಯನ್ನು ಸೈನಿಕರ ಆರೋಗ್ಯಧಾಮವಾಗಿ ಬೆಳೆಸಲು ಉತ್ಸುಕರಾಗಿ, ಅದನ್ನು ಸೇನಾಧಿಕಾರಿಯೊಬ್ಬರ ವಶಕ್ಕೆ ಒಪ್ಪಿಸಿದರು. ತಾವೇ ಕಟ್ಟಿದ ಪಟ್ಟಣದ ಮೇಲೆ ಸಲ್ಲಿವನ್ನರಿಗಿದ್ದ ಹಿಡಿತ ಸಡಿಲವಾಯಿತು.

ಈ ಸಂದರ್ಭದಲ್ಲಿ ತೋಡರ ಭೂಮಿಯ ಪ್ರಶ್ನೆ ತೀವ್ರವಾಯಿತು. ತೋಡರು ಬೆಟ್ಟದ ಮೂಲ ಒಡೆಯರು, ಅವರ ಒಪ್ಪಿಗೆ ಮತ್ತು ಸೂಕ್ತ ಪರಿಹಾರವಿಲ್ಲದೆ ಸರ್ಕಾರ ಭೂಮಿಯನ್ನು ಪಡೆಯಬಾರದು ಎಂಬುದು ಸಲ್ಲಿವನ್ನರ ನಿಲುವು. ಬಡಗರು ಕೊಡುತ್ತಿದ್ದ ಧಾನ್ಯದ ಪಾಲು ಈ ಒಡೆತನಕ್ಕೆ ಸಾಕ್ಷಿಯೆಂದು ಅವರು ಪರಿಗಣಿಸಿದರು. ತೋಡರಿಗೆ ಇರುವುದು ಎಮ್ಮೆ ಮೇಯಿಸುವ ಹಕ್ಕು ಮಾತ್ರವೆಂಬುದು ವಿರೋಧಿಗಳ ವಾದವಾಗಿತ್ತು. ಸ್ವತಃ ಸಲ್ಲಿವನ್ನರೇ ಬೆಟ್ಟದಲ್ಲಿ ವಿಶಾಲವಾದ ಜಮೀನುಗಳನ್ನು ಹೊಂದಿದ್ದುದರಿಂದ ಅವರ ವಾದದ ಪ್ರಾಮಾಣಿಕತೆಯನ್ನೂ ಪ್ರಶ್ನಿಸಲಾಯಿತು. ತೋಡರ ಒಡೆತನ ದೃಢಪಟ್ಟರೆ ಅವರಿಂದ ಕೊಂಡವರ ಹಕ್ಕೂ ಭದ್ರವಾಗುತ್ತಿತ್ತು ಎಂಬುದು ನಿಜ. ಆದರೆ ಬೆಟ್ಟದ ಜನರ ಹಕ್ಕನ್ನು ಅಧಿಕೃತ ದಾಖಲೆಗಳಲ್ಲಿ ಇಷ್ಟು ಸ್ಪಷ್ಟವಾಗಿ ಮಂಡಿಸಿದ ಅಧಿಕಾರಿಗಳು ಆ ಕಾಲದಲ್ಲಿ ವಿರಳ.

1830ರ ಸುಮಾರಿಗೆ ನೀಲಗಿರಿಯ ಬಹುಭಾಗವನ್ನು ಕೊಯಮತ್ತೂರಿನಿಂದ ಬೇರ್ಪಡಿಸಿ ಮಲಬಾರ್ ಜಿಲ್ಲೆಗೆ ಸೇರಿಸಲಾಯಿತು. ಸಲ್ಲಿವನ್ನರ ಕಲೆಕ್ಟರ್ ಅಧಿಕಾರವೂ ಅದೇ ವೇಳೆಗೆ ಕೊನೆಗೊಂಡಿತು. 1840ರ ದಶಕದಲ್ಲಿ ಕಂಪನಿಯು ತೋಡರಿಗೆ ಮೇವಿನ ಹಕ್ಕನ್ನಷ್ಟೇ ಮಾನ್ಯ ಮಾಡಿ, ಪೂರ್ಣ ಒಡೆತನವನ್ನು ನಿರಾಕರಿಸಿತು.

ಕುಟುಂಬ ಮತ್ತು ಕೊನೆಯ ವರ್ಷಗಳು

ಸಲ್ಲಿವನ್ 1820ರಲ್ಲಿ ಹೆನ್ರಿಯೆಟ್ಟಾ ಸಿಸಿಲಿಯಾ ಹ್ಯಾರಿಂಗ್ಟನ್ ಅವರನ್ನು ವಿವಾಹವಾದರು. ನೀಲಗಿರಿಯಲ್ಲಿ ನೆಲೆಸಿದ ಮೊದಲ ಯುರೋಪಿಯನ್ ಮಹಿಳೆ ಇವರೆಂದು ಪರಿಗಣಿಸಲಾಗಿದೆ. 1830ರ ದಶಕದಲ್ಲಿ ಸಲ್ಲಿವನ್ ಮತ್ತೆ ಮದ್ರಾಸ್ ಆಡಳಿತದ ಉನ್ನತ ಹುದ್ದೆಗಳಲ್ಲಿ ಸೇವೆ ಸಲ್ಲಿಸಿದರು. 1838ರಲ್ಲಿ ಪತ್ನಿ ಹೆನ್ರಿಯೆಟ್ಟಾ ಮತ್ತು ಮಗಳು ಹ್ಯಾರಿಯೆಟ್ ಊಟಿಯಲ್ಲಿ ನಿಧನರಾದರು. ಅವರ ಸಮಾಧಿಗಳು ಸೇಂಟ್ ಸ್ಟೀಫನ್ಸ್ ಚರ್ಚಿನ ಸ್ಮಶಾನದಲ್ಲಿವೆ. 1829ರಲ್ಲಿ ಶಂಕುಸ್ಥಾಪನೆಯಾದ ಈ ಚರ್ಚಿಗೆ ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪು ಸುಲ್ತಾನನ ಅರಮನೆಯ ಮರದ ತೊಲೆಗಳನ್ನು ಬಳಸಲಾಗಿತ್ತು.

1841ರಲ್ಲಿ ನಿವೃತ್ತರಾಗಿ ಸಲ್ಲಿವನ್ ಇಂಗ್ಲೆಂಡಿಗೆ ಮರಳಿದರು. ದೇಶೀಯ ಸಂಸ್ಥಾನಗಳನ್ನು ಕಂಪನಿಯು ವಶಪಡಿಸಿಕೊಳ್ಳುತ್ತಿದ್ದುದನ್ನು ವಿರೋಧಿಸಿ, ಒಪ್ಪಂದಗಳನ್ನು ಗೌರವಿಸಬೇಕೆಂದು ಬರೆದರು. 1855ರಲ್ಲಿ ನಿಧನರಾದ ಅವರನ್ನು ಸ್ಲೌ ಪಟ್ಟಣದ ಬಳಿಯ ಸೇಂಟ್ ಲಾರೆನ್ಸ್ ಚರ್ಚಿನಲ್ಲಿ ಸಮಾಧಿ ಮಾಡಲಾಯಿತು.

ಪರಂಪರೆ

ನೀಲಗಿರಿಯು 1868ರಲ್ಲಿ ಪ್ರತ್ಯೇಕ ಆಡಳಿತ ಘಟಕವಾಯಿತು. ಮೇಟ್ಟುಪಾಳಯದಿಂದ ಕೂನೂರಿಗೆ 1899ರಲ್ಲಿ ಬೆಟ್ಟದ ರೈಲು ಆರಂಭವಾಗಿ, ಮುಂದೆ ಊಟಿಯವರೆಗೂ ವಿಸ್ತರಿಸಿತು. ಮೈಸೂರಿನ ಅರಸರು ಇಲ್ಲಿನ ಫರ್ನ್‌ಹಿಲ್ ಅರಮನೆಯನ್ನು ಬೇಸಿಗೆಯ ನಿವಾಸವಾಗಿ ಹೊಂದಿದ್ದರು. ಕಲ್ಲು ಬಂಗಲೆಯ ನಿರ್ಮಾಣವನ್ನು ಪಟ್ಟಣದ ಆರಂಭವೆಂದು ಗಣಿಸಿ, 2022ರಲ್ಲಿ ಊಟಿಯ ಇನ್ನೂರನೇ ವರ್ಷವನ್ನು ಆಚರಿಸಲಾಯಿತು. ಪಟ್ಟಣದ ಕೆರೆ, ತರಕಾರಿ ಬೇಸಾಯ ಮತ್ತು ಕಲ್ಲಿನ ಮನೆ ಸಲ್ಲಿವನ್ನರ ಕಾಲದ ಕುರುಹುಗಳಾಗಿ ಉಳಿದಿವೆ. ತೋಡರ ಹುಲ್ಲುಗಾವಲುಗಳ ಬಹುಪಾಲು ಮಾತ್ರ ನಂತರದ ಕಾಲದಲ್ಲಿ ಚಹಾ ತೋಟ, ನೆಡುತೋಪು ಮತ್ತು ಕಟ್ಟಡಗಳಿಗೆ ಸಂದಿತು.