ಕೆಪ್ಲರ್: ಕಷ್ಟಕಾಲದಲ್ಲೂ ಆಕಾಶ ನೋಡಿದವ

ಪಿಯುಸಿಯಲ್ಲಿ ನಾವೆಲ್ಲ ಕೆಪ್ಲರನ ಮೂರು ನಿಯಮಗಳನ್ನು ಬಾಯಿಪಾಠ ಮಾಡಿದವರೇ. ಸಿಇಟಿ ಮುಗಿದ ಮೇಲೆ ಮರೆತವರೂ ನಾವೇ! ಆದರೆ ಆ ನಿಯಮಗಳ ಹಿಂದಿನ ಮನುಷ್ಯ ಎಷ್ಟು ಕಷ್ಟಪಟ್ಟ ಅನ್ನೋದು ನಮ್ಮ ಪಠ್ಯದಲ್ಲಿ ಇರಲಿಲ್ಲ.

ಯೋಹಾನ್ಸ್ ಕೆಪ್ಲರ್ ಹುಟ್ಟಿದ್ದು 1571ರ ಡಿಸೆಂಬರ್ 27ರಂದು, ಜರ್ಮನಿಯ ವೈಲ್ ಡೆರ್ ಸ್ಟಾಟ್‌ನಲ್ಲಿ. ಚಿಕ್ಕಂದಿನಲ್ಲಿ ಬಂದ ಸಿಡುಬಿನಿಂದ ಕಣ್ಣು ಮಂಜಾಯಿತು. ಕೂಲಿ ಸೈನಿಕನಾಗಿದ್ದ ಅಪ್ಪ ಮನೆ ಬಿಟ್ಟು ಹೋದವನು ವಾಪಸ್ ಬರಲೇ ಇಲ್ಲ. ಟ್ಯೂಬಿಂಗನ್‌ನಲ್ಲಿ ಪಾದ್ರಿಯಾಗಬೇಕೆಂದು ಓದುತ್ತಿದ್ದವನಿಗೆ 1594ರಲ್ಲಿ ಗ್ರಾಟ್ಸ್ ಊರಿನಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ತು. ದೇವರ ಸೇವೆ ತಪ್ಪಿತಲ್ಲಾ ಅಂತ ಮೊದಮೊದಲು ಬೇಜಾರಿತ್ತು. ಆಮೇಲೆ, ಆಕಾಶವೂ ದೇವರು ಬರೆದ ಪುಸ್ತಕವೇ, ಅದನ್ನು ಓದುವುದೂ ಆರಾಧನೆಯೇ ಎಂಬ ನಂಬಿಕೆ ಗಟ್ಟಿಯಾಯಿತು.

ಕ್ಯಾಥೊಲಿಕ್ ಆಗು, ಇಲ್ಲವೇ ಊರು ಬಿಡು ಎಂಬ ಆಜ್ಞೆ ಬಂದಾಗ ಲುಥೆರನ್ ಆಗಿದ್ದ ಕೆಪ್ಲರ್ 1600ರಲ್ಲಿ ಊರನ್ನೇ ಬಿಟ್ಟ. ಪ್ರಾಗ್‌ನಲ್ಲಿ ಟೈಕೋ ಬ್ರಾಹೆಯ ಜೊತೆ ಸೇರಿ ಮಂಗಳ ಗ್ರಹದ ಲೆಕ್ಕಕ್ಕೆ ಕೂತ. ವೃತ್ತಾಕಾರದ ಕಕ್ಷೆ ಹಿಡಿದು ಮಾಡಿದ ಲೆಕ್ಕಕ್ಕೂ ಬ್ರಾಹೆಯ ಅಳತೆಗೂ ಬಂದ ವ್ಯತ್ಯಾಸ ಬರೀ 8 ಆರ್ಕ್‌ಮಿನಿಟ್, ಅಂದ್ರೆ ಒಂದು ಡಿಗ್ರಿಯ ಏಳನೇ ಒಂದು ಭಾಗಕ್ಕಿಂತಲೂ ಕಡಿಮೆ. ನಮ್ಮ ಲ್ಯಾಬ್‌ನಲ್ಲಾಗಿದ್ದರೆ ರೀಡಿಂಗ್ ತಿದ್ದಿ ರೆಕಾರ್ಡ್ ಬರೆದು ಮುಗಿಸ್ತಿದ್ದೆವು! ಆತ ವರ್ಷಗಳ ಲೆಕ್ಕವನ್ನೇ ಪಕ್ಕಕ್ಕಿಟ್ಟು ಮತ್ತೆ ಶುರು ಮಾಡಿದ. 1609ರಲ್ಲಿ ದೀರ್ಘವೃತ್ತದ ನಿಯಮ ಅಚ್ಚಾಯಿತು.

1611ರಲ್ಲಿ ಆರು ವರ್ಷದ ಮಗ ಸಿಡುಬಿನಿಂದ ತೀರಿಕೊಂಡ. ಅದೇ ವರ್ಷ ಹೆಂಡತಿ ಬಾರ್ಬರಾಳೂ ಹೋದಳು. ಲಿಂಟ್ಸ್ ಊರಿಗೆ ಬಂದರೆ ಅಲ್ಲಿ ಆತನ ಸ್ವಂತ ಸಭೆಯ ಪಾದ್ರಿಯೇ ಪ್ರಭುಭೋಜನ ಕೊಡಲು ಒಪ್ಪಲಿಲ್ಲ. ಕಾರಣ, ಕ್ಯಾಲ್ವಿನ್ ಪಂಥದವರನ್ನು ಖಂಡಿಸುವ ಪತ್ರಕ್ಕೆ ಕೆಪ್ಲರ್ ಪೂರ್ತಿಯಾಗಿ ಸಹಿ ಹಾಕಲಿಲ್ಲ. ಬೇರೆ ಪಂಥದವರೂ ಕ್ರಿಸ್ತನಲ್ಲಿ ಅಣ್ಣತಮ್ಮಂದಿರೇ ಎಂಬುದು ಆತನ ನಿಲುವು. ಇಷ್ಟಾದರೂ ಸಭೆಯನ್ನು ಬಿಡಲಿಲ್ಲ, ಕ್ಯಾಥೊಲಿಕ್ ಜೆಸ್ಯೂಟ್ ವಿದ್ವಾಂಸರ ಸ್ನೇಹವನ್ನೂ ಬಿಡಲಿಲ್ಲ.

1615ರಲ್ಲಿ ತಾಯಿ ಕ್ಯಾಥರಿನಾಳ ಮೇಲೆ ಮಾಟಗಾತಿ ಎಂಬ ಆರೋಪ ಬಂತು. ಎಪ್ಪತ್ತು ದಾಟಿದ ಆ ಮುದುಕಿಯನ್ನು 14 ತಿಂಗಳು ಸರಪಳಿಯಲ್ಲಿಟ್ಟರು. ಮಗ ಕೆಲಸ ಬಿಟ್ಟು ಹೋಗಿ, ಒಂದೊಂದು ಆರೋಪಕ್ಕೂ ಉತ್ತರ ಬರೆದು ವಾದಿಸಿದ. 1621ರಲ್ಲಿ ಬಿಡುಗಡೆಯಾದ ತಾಯಿ ಮರುವರ್ಷವೇ ತೀರಿಕೊಂಡಳು.

ಈ ಗೋಳಿನ ನಡುವೆ, 1618ರ ಫೆಬ್ರವರಿಯಲ್ಲಿ ಪುಟ್ಟ ಮಗಳೊಬ್ಬಳು ತೀರಿಹೋದಳು. ಮೇ ತಿಂಗಳಲ್ಲಿ ಮೂರನೇ ನಿಯಮ ಹೊಳೆಯಿತು. ಅದೇ ತಿಂಗಳು ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು. ಮರುವರ್ಷ ಅಚ್ಚಾದ ಆ ಪುಸ್ತಕಕ್ಕೆ ಆತ ಇಟ್ಟ ಹೆಸರು ಜಗತ್ತಿನ ಸಾಮರಸ್ಯ. ಅದರಲ್ಲಿ ಗಣಿತದ ಜೊತೆ ಪ್ರಾರ್ಥನೆಯೂ ಇದೆ.

1630ರ ನವೆಂಬರ್ 15ರಂದು, ಬರಬೇಕಿದ್ದ ಹಣ ಕೇಳಲು ಹೋಗಿದ್ದ ರೇಗನ್ಸ್‌ಬುರ್ಗ್‌ನಲ್ಲಿ ಕೆಪ್ಲರ್ ತೀರಿಕೊಂಡ. ಯುದ್ಧದಲ್ಲಿ ಆತನ ಸಮಾಧಿಯೂ ಉಳಿಯಲಿಲ್ಲ.

ದೇವರನ್ನು ನಂಬಿದ್ದರಿಂದ ಕೆಪ್ಲರನ ಕಷ್ಟವೇನೂ ಕಡಿಮೆ ಆಗಲಿಲ್ಲ. ಆದರೆ ದೇವರ ಸೃಷ್ಟಿಯಲ್ಲಿ ಸುಳ್ಳಿಲ್ಲ ಎಂಬ ಭರವಸೆ ಇದ್ದುದರಿಂದ 8 ಆರ್ಕ್‌ಮಿನಿಟ್ ಮುಚ್ಚಿಡಲು ಮನಸ್ಸು ಬರಲಿಲ್ಲ, ಯಾರನ್ನೂ ದ್ವೇಷಿಸಲೂ ಮನಸ್ಸು ಬರಲಿಲ್ಲ. ನಮ್ಮ ನಮ್ಮ ನಂಬಿಕೆ ಯಾವುದೇ ಇರಲಿ ಗೆಳೆಯರೇ, ಆ ಎರಡನ್ನೂ ಆತನಿಂದ ಕಲಿಯಬಹುದು ಅಲ್ವಾ?